ಮೊದಲು ಕೂಸಿನ ಎತ್ತರ ಅಳೀರಿ

ಹೈದರಾಬಾದಿಗೆ ಹೊರಡುವ ಮುಂಚೆ ಕೂಸನ್ನು ಗೋಡೆಗೆ ನಿಲ್ಲಿಸಿ, ನೆತ್ತಿಯ ಮೇಲೆ ಪಟ್ಟಿಯಿಟ್ಟು ಗೆರೆ ಎಳೆದು, ಟೇಪು ಹಿಡಿದು ಅಳೆದುಕೊಳ್ಳಿ. ಬಸ್ ಟಿಕೆಟು, ಹೋಟೆಲ್ ರೂಮು ಎಲ್ಲ ಆಮೇಲೆ. ಬೀದರ್, ಭಾಲ್ಕಿ, ಕಲಬುರಗಿ ಕಡೆಯಿಂದ ರಜೆಗೆ ಬರುವ ನಮ್ಮ ಬಳಗಕ್ಕೆ ನಾನು ಫೋನಿನಲ್ಲಿ ಹೇಳುವ ಮೊದಲ ಮಾತು ಇದೇ. ಮದುವೆಯಾಗಿ ಇಲ್ಲಿನ ಕಾಚಿಗುಡಕ್ಕೆ ಬಂದಾಗಿನಿಂದ ತವರಿನವರ ಪಾಲಿಗೆ ನಾನೇ ವಿಚಾರಣಾ ಕೌಂಟರು.

"ಅತ್ಯಾ, ಎರಡ ದಿನದಾಗ ವಂಡರ್‌ಲಾ, ರಾಮೋಜಿ, ಝೂ, ಚಾರ್‌ಮಿನಾರ, ಬುದ್ಧನ ಬೋಟು, ಎಲ್ಲಾ ಮುಗಸ್ತೀವಿ" ಅಂದ ಅಣ್ಣನ ಮಗ.

"ನೀ ಮುಗಸ್ತಿ. ನಿನ್ನ ಮಗಳು?"

ಮಗಳಿಗೆ ಆಗಷ್ಟೇ ನಾಲ್ಕು ತುಂಬಿತ್ತು. ಎತ್ತರ 101 ಸೆಂಟಿಮೀಟರ್. ಈ ಒಂದು ಅಂಕಿಯಿಂದಲೇ ಅರ್ಧ ಪ್ರವಾಸ ತೀರ್ಮಾನವಾಗುತ್ತದೆ. ಹೈದರಾಬಾದಿನ ಹೊರವಲಯದ ರಾವಿರ್ಯಾಲದಲ್ಲಿ 2016ರಲ್ಲಿ ತೆರೆದ ವಂಡರ್‌ಲಾ, ಬಿಡದಿ ಹತ್ತಿರ 2005ರಿಂದ ಇರುವ ನಮ್ಮ ವಂಡರ್‌ಲಾದ ತಂಗಿ. ಎರಡೂ ಕಡೆ ಮಗುವಿನ ಟಿಕೆಟು ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. 85 ಸೆಂ.ಮೀ. ಒಳಗಿದ್ದರೆ ಪುಕ್ಕಟೆ, ಅಲ್ಲಿಂದ 140ರವರೆಗೆ ಮಕ್ಕಳ ಟಿಕೆಟು. ಎದೆ ಝಲ್ಲೆನಿಸುವ ದೊಡ್ಡ ರೈಡುಗಳಲ್ಲಿ ಹೆಚ್ಚಿನವಕ್ಕೆ 140 ಸೆಂ.ಮೀ., ಅಂದರೆ ಹೆಚ್ಚುಕಡಿಮೆ ನಾಲ್ಕು ಅಡಿ ಏಳು ಅಂಗುಲ, ಬೇಕೇ ಬೇಕು. ನಾಲ್ಕು ವರ್ಷದ ಮಗು ಸಾಮಾನ್ಯವಾಗಿ ನೂರರ ಆಚೀಚೆ ಇರುತ್ತದೆ. 140 ಮುಟ್ಟಲು ಹತ್ತು ವರ್ಷವಾದರೂ ಆಗಬೇಕು. ದುಡ್ಡು ಕೊಟ್ಟು ಒಳಗೆ ಹೋದ ಕೂಸು ಬೇರೆಯವರು ಕಿರುಚುವುದನ್ನು ಕತ್ತೆತ್ತಿ ನೋಡುತ್ತ ನಿಲ್ಲುತ್ತದೆ.

ಗೇಟಿನ ಬಳಿ ಅಳತೆಗೋಲು ಹಿಡಿದು ನಿಂತ ಹುಡುಗನ ಜೊತೆ ಜಗಳಕ್ಕೆ ಹೋಗುವ ಅಪ್ಪಂದಿರಿದ್ದಾರೆ. ಆ ನಿಯಮದಲ್ಲಿ ಹಟವೇನೂ ಇಲ್ಲ. ಎದೆಗೆ, ತೊಡೆಗೆ ಬಂದು ಕೂರುವ ಕಬ್ಬಿಣದ ಸರಳು ಬೆಳೆದ ಮೈಗೆ ಅಳತೆ ಮಾಡಿದ್ದು. ಸಣ್ಣ ಮೈ ಅದರಡಿಯಿಂದ ನುಸುಳಿಬಿಡಬಹುದು. ಮೇಲಾಗಿ ಮೈಗೆ ಹೋಲಿಸಿದರೆ ಮಕ್ಕಳ ತಲೆ ಭಾರ, ಕುತ್ತಿಗೆ ಇನ್ನೂ ಎಳೆಯದು. ಗಾಡಿ ಗಕ್ಕನೆ ತಿರುಗಿದರೆ ಆ ಎಳೆತ ಅದಕ್ಕೆ ತಡೆಯದು. ಹಾಗಂತ ಪುಟ್ಟವರಿಗೆ ಅಲ್ಲಿ ಏನೂ ಇಲ್ಲವೆಂದಲ್ಲ. ಮೆಲ್ಲಗೆ ತಿರುಗುವ ಕುದುರೆ, ಕಾರುಗಳಿವೆ, ಮೊಣಕಾಲುದ್ದದ ನೀರಿದೆ. ನೀರಿಗಿಳಿಯಲು ನೈಲಾನ್ ಬಟ್ಟೆಯೇ ಬೇಕು, ಹತ್ತಿಯದು ನಡೆಯದು. ಇದನ್ನು ಮನೆಯಿಂದಲೇ ತನ್ನಿ. ಆದರೂ ನನ್ನ ಮಾತು ಕೇಳುವುದಾದರೆ, ವಂಡರ್‌ಲಾ ಹೈಸ್ಕೂಲು ಹುಡುಗರದ್ದು. ಬಳಗದಲ್ಲಿ ಅಂಥವರಿದ್ದರೆ ಅವರನ್ನು ಕಾಕಾನ ಜೊತೆ ಅತ್ತ ಕಳಿಸಿ, ಕೂಸನ್ನು ಇತ್ತ ಕರೆತನ್ನಿ. ಇಡೀ ಕುಟುಂಬ ಎಲ್ಲ ಕಡೆ ಒಟ್ಟಿಗೇ ಹೋಗಬೇಕೆಂಬ ಹಂಬಲ ಫೋಟೋಕ್ಕಷ್ಟೇ ಚೆಂದ.

ಇನ್ನು ರಾಮೋಜಿ ಫಿಲ್ಮ್ ಸಿಟಿ. ವಿಜಯವಾಡ ಹೆದ್ದಾರಿಯಲ್ಲಿ ಹಯಾತ್‌ನಗರ ದಾಟಿದ ಮೇಲೆ ಬರುತ್ತದೆ. ರಾಮೋಜಿರಾವ್ 1996ರಲ್ಲಿ ಕಟ್ಟಿದ ಇದು 1,666 ಎಕರೆಯ ಹರವಿನಿಂದ ಗಿನ್ನೆಸ್ ದಾಖಲೆ ಸೇರಿದ ಸ್ಟುಡಿಯೊ. 2000ದಲ್ಲಿ ಈಟಿವಿ ಕನ್ನಡ ಶುರುಮಾಡಿದವರೂ ಅವರೇ, ಹಾಗಾಗಿ ನಮ್ಮ ಮನೆಗಳ ಹಿರಿಯರಿಗೆ ಆ ಹೆಸರೇನೂ ಹೊಸದಲ್ಲ. ಒಳಗೆ ಒಂದು ಸೆಟ್ಟಿನಿಂದ ಇನ್ನೊಂದಕ್ಕೆ ಬಸ್ಸಿನಲ್ಲಿ ಒಯ್ಯುತ್ತಾರೆ. ಮಗುವಿಗೆ ಆ ಬಸ್ಸೇ ದೊಡ್ಡ ಆಟ! ಸೆಟ್ಟುಗಳೆಲ್ಲ ದೊಡ್ಡವರ ಖುಷಿಗೆ. ಮುಂದಿನಿಂದ ಆಸ್ಪತ್ರೆಯಾಗಿ ಕಂಡದ್ದು ಪಕ್ಕಕ್ಕೆ ಹೋದರೆ ಬೇರೆಯೇ ಕಟ್ಟಡ ಎಂಬ ಚಮತ್ಕಾರ ನಾಲ್ಕು ವರ್ಷದವರಿಗೆ ತಿಳಿಯದು. ರೈಲು ನಿಲ್ದಾಣದ ಸೆಟ್ಟಿನೆದುರು ನಮ್ಮ ಹುಡುಗಿ ಅಪ್ಪನ ಬೆರಳು ಜಗ್ಗುತ್ತ, "ಗಾಡಿ ಯಾವಾಗ ಬಿಡ್ತದ?" ಅಂತ ಕೇಳಿದ್ದೇ ಕೇಳಿದ್ದು. "ಇದು ಸಿನಿಮಾದ್ದು ಪುಟ್ಟಿ" ಅಂದರೆ, "ಆದ್ರ ಬಿಡ್ತದೋ ಇಲ್ಲೋ?"

ಆದ್ದರಿಂದ ಅಲ್ಲಿ ಮಕ್ಕಳ ಜಾಗವಾದ ಫಂಡುಸ್ತಾನಕ್ಕೆ ಬಿಸಿಲೇರುವ ಮುನ್ನ ಹೋಗಿಬಿಡಿ. ಚಿಟ್ಟೆಗಳ ತೋಟ, ಹಕ್ಕಿಗಳ ಪಾರ್ಕು ತಪ್ಪಿಸಬೇಡಿ. ವೈಲ್ಡ್ ವೆಸ್ಟ್ ಸ್ಟಂಟ್ ಶೋನಲ್ಲಿ ಬಂದೂಕಿನ ಸದ್ದು ಕಿವಿಗೆ ಹೊಡೆಯುತ್ತದೆ. ಸಣ್ಣವರಿದ್ದರೆ ಹಿಂದಿನ ಸಾಲಿನಲ್ಲಿ, ಹೊರಬಾಗಿಲಿನ ಕಡೆ ಕೂರುವುದು ಲೇಸು. ಬೋರಾಸುರ ಎಂಬ ಮಂತ್ರವಾದಿಯ ಕತ್ತಲ ಗುಹೆಯನ್ನಂತೂ ಬಿಟ್ಟೇಬಿಡಿ. ಅವತ್ತು ನಕ್ಕರೂ ರಾತ್ರಿ ನಿಮ್ಮ ನಿದ್ದೆ ಹಾಳು.

ನಿದ್ದೆಯೆಂದರೆ ನೆನಪಾಯಿತು. ಮೂರು–ನಾಲ್ಕು ವರ್ಷದವರಿಗೆ ದಿನಕ್ಕೆ 10ರಿಂದ 13 ತಾಸು ನಿದ್ದೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ನಮ್ಮ ಅವ್ವ ಅದಕ್ಕೂ ಮುಂಚೆ ಹೇಳಿದ್ದಳು, ಅದಿರಲಿ. ನಸುಕಿನಲ್ಲಿ ಎಬ್ಬಿಸಿ ಬೀದರಿನಿಂದ ಮೂರು ಮೂರೂವರೆ ತಾಸು ಬಸ್ಸಿನಲ್ಲಿ ಕೂರಿಸಿ, ಇಮ್ಲಿಬನ್ ಬಸ್ ನಿಲ್ದಾಣದಲ್ಲಿ ಇಳಿಸಿ ನೇರ ಪಾರ್ಕಿಗೆ ಒಯ್ದರೆ ಮಧ್ಯಾಹ್ನ ಎರಡರ ಹೊತ್ತಿಗೆ ಯಾರೆದುರೂ ಬಾಯಿ ಬಿಡದ ಕೂಸು ನೆಲಕ್ಕೆ ಬಿದ್ದು ಹೊರಳಾಡುತ್ತದೆ. ಅದು ಹಟವಲ್ಲ, ದಣಿವು. ಹಿಂದಿನ ದಿನ ಸಂಜೆಯೇ ಬಂದು ಉಳಿಯಿರಿ. ಮಧ್ಯಾಹ್ನ ಒಂದು ತಾಸು ನೆರಳು, ಮೊಸರನ್ನ, ಮಡಿಲು ಇಷ್ಟನ್ನು ಟಿಕೆಟಿನ ಲೆಕ್ಕದಲ್ಲಿ ಸೇರಿಸಿ. ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ವಿಶೇಷವಲ್ಲ. ಆಗುವುದಾದರೆ ದಸರಾ ಅಥವಾ ಸಂಕ್ರಾಂತಿ ರಜೆಗೇ ಬನ್ನಿ.

ಸ್ವಂತ ಕಾರಿದ್ದವರಿಗೆ ಊರೊಳಗೆ ಬರುವ ಪಡಿಪಾಟಲೇ ಇಲ್ಲ. ಪಟಾನ್‌ಚೆರು ಬಳಿ 158 ಕಿಲೋಮೀಟರಿನ ಹೊರ ವರ್ತುಲ ರಸ್ತೆ ಹಿಡಿದರೆ ರಾವಿರ್ಯಾಲವೂ ಅದೇ ದಾರಿಯಲ್ಲಿ, ರಾಮೋಜಿಗೆ ಹೋಗುವ ಪೆದ್ದ ಅಂಬರ್‌ಪೇಟೆಯೂ ಅದೇ ದಾರಿಯಲ್ಲಿ. ಬಸ್ಸಿನಲ್ಲಿ ಬಂದವರು ಎಲ್‌.ಬಿ. ನಗರದವರೆಗೆ ಮೆಟ್ರೊದಲ್ಲಿ ಹೋಗಿ ಅಲ್ಲಿಂದ ಬಸ್ಸೋ ಕ್ಯಾಬೋ ಹಿಡಿಯುವುದು ವಾಸಿ. ಮೆಟ್ರೊ ನೋಡಿರದ ಮಗುವಿಗೆ ಅದೂ ಒಂದು ರೈಡೇ.

ಎರಡನೇ ದಿನಕ್ಕೆ ನನ್ನ ಓಟು ನೆಹರೂ ಝೂಗೆ. 1963ರಲ್ಲಿ ತೆರೆದದ್ದು, 380 ಎಕರೆ, ಮೀರ್ ಆಲಂ ಕೆರೆಯ ಮಗ್ಗುಲಲ್ಲೇ. ಇಲ್ಲಿ ಅಳತೆಗೋಲಿನ ಕಾಟವಿಲ್ಲ. ಟಾಯ್ ಟ್ರೇನು ಖರೇನೇ ಬಿಡುತ್ತದೆ! ಪ್ರಾಣಿಗಳು ಚುರುಕಾಗಿರುವುದು ಬೆಳಗಿನ ತಂಪಿನಲ್ಲಿ, ಕೂಸೂ ಚುರುಕಾಗಿರುವುದು ಆಗಲೇ. ಊಟದ ಹೊತ್ತಿಗೆ ಮನೆ ಸೇರಬಹುದು. ಸಂಜೆ ಬೇಕಿದ್ದರೆ ಹುಸೇನ್‌ಸಾಗರದ ಬುದ್ಧನ ತನಕ ಬೋಟು. ಚಾರ್‌ಮಿನಾರದ ಮೆಟ್ಟಿಲನ್ನು ಕೂಸಿಗೆ ಮೊಣಕಾಲು ಗಟ್ಟಿಯಾದ ಮೇಲೆ ಹತ್ತಿಸಿದರಾಯಿತು.

ಝೂ ಸೋಮವಾರ ಮುಚ್ಚಿರುತ್ತದೆ. ಶನಿವಾರ, ಭಾನುವಾರ ರಾಮೋಜಿ, ವಂಡರ್‌ಲಾ ಎರಡರಲ್ಲೂ ಜನಜಂಗುಳಿ. ಹಾಗಾಗಿ ಮಂಗಳವಾರ ಸಂಜೆ ಬಂದು ಶುಕ್ರವಾರ ಬೆಳಿಗ್ಗೆ ಹೊರಡುವವರಿಗೆ ನಮ್ಮ ಮನೆಯಲ್ಲಿ ಹಾಸಿಗೆ ತಯಾರಿರುತ್ತದೆ, ಒಂದು ದಿನ ಮುಂಚೆ ಫೋನು ಮಾಡಿದರೆ ಸಾಕು.