ವಾಣಿ ಜಯರಾಂ ಯಾರ ಗಾಯಕಿ?

ಮೆಟ್ರೋದಲ್ಲಿ ನಿಂತುಕೊಂಡು ವಿಡಿಯೋ ನೋಡೋಕೆ ಆಗಲ್ಲ, ಓದೋದಾದ್ರೆ ಓಕೆ ಅನ್ನುವವರಿಗಾಗಿ ಈ ಸಲದ ಮಾತುಕತೆಯ ಬರಹ ರೂಪ ಇಲ್ಲಿದೆ. ವಿಷಯ: ವಾಣಿ ಜಯರಾಂ.

2023ರ ಫೆಬ್ರವರಿ 4, ಶನಿವಾರ. ಅವರು ಚೆನ್ನೈನ ತಮ್ಮ ಮನೆಯಲ್ಲಿ ತೀರಿಕೊಂಡ ಸುದ್ದಿ ಬಂತು. ವಯಸ್ಸು 77. ಪದ್ಮಭೂಷಣ ಘೋಷಣೆಯಾಗಿ ಹತ್ತೇ ದಿನ ಆಗಿತ್ತು. ದೆಹಲಿಗೆ ಬಂದು ಅದನ್ನು ಕೈಯಾರೆ ತಗೊಳ್ಳೋ ಭಾಗ್ಯ ಅವರಿಗೆ ಸಿಗಲಿಲ್ಲ.

ಆವತ್ತು ನಮ್ಮ ನೋಯ್ಡಾ ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ ಒಂದು ತಮಾಷೆ ನಡೀತು. ತಮಿಳಿನವರು ‘ನಮ್ಮ ವಾಣಿಯಮ್ಮ’ ಅಂದರು. ಕೇರಳದವರು ಮಲಯಾಳಂ ಹಾಡು ಹಾಕಿದರು. ಹಿಂದಿಯವರು ‘ಅರೆ, ಇವರು ಗುಡ್ಡಿ ಸಿನಿಮಾದವರಲ್ವಾ?’ ಅಂದರು. ನಾನು ಕವಿರತ್ನ ಕಾಳಿದಾಸದಲ್ಲಿ ಅಣ್ಣಾವ್ರ ಜೊತೆ ಹಾಡಿದ್ದನ್ನು ಹಾಕಿದೆ. ಎಲ್ಲರಿಗೂ ಅವರು ‘ನಮ್ಮವರೇ’. ಒಬ್ಬ ಗಾಯಕಿ ಇಷ್ಟು ಜನಕ್ಕೆ ನಮ್ಮವರು ಆಗೋದು ಹೇಗೆ? ಇವತ್ತಿನ ಪ್ರಶ್ನೆ ಅದೇ.

ಟ್ರಾನ್ಸ್‌ಫರ್ ಆದ ಬ್ಯಾಂಕ್ ಉದ್ಯೋಗಿ

ಹುಟ್ಟಿದ್ದು 1945ರಲ್ಲಿ, ವೆಲ್ಲೂರಿನಲ್ಲಿ. ಹೆಸರು ಕಲೈವಾಣಿ. ಚಿಕ್ಕಂದಿನಿಂದ ಕರ್ನಾಟಕ ಸಂಗೀತ. ಆದರೆ ಕೆಲಸ? ಸ್ಟೇಟ್ ಬ್ಯಾಂಕಿನಲ್ಲಿ! ಮೊದಲು ಮದ್ರಾಸು, ಆಮೇಲೆ ಹೈದರಾಬಾದ್, ಮದುವೆಯಾದ ಮೇಲೆ ಬೊಂಬಾಯಿ. ಬೆಂಗಳೂರು, ಪುಣೆ, ಗುರುಗ್ರಾಮ ಅಂತ ಊರು ಬದಲಿಸುತ್ತಾ ಇರುವ ನಮಗೆ ಈ ದಾರಿ ಗೊತ್ತಿರೋದೇ.

ಬೊಂಬಾಯಿಯಲ್ಲಿ ಅವರು ‘ನನಗೆ ಬರೋ ಸಂಗೀತವೇ ಸಾಕು’ ಅಂತ ಕೂರಲಿಲ್ಲ. ಪಟಿಯಾಲಾ ಘರಾಣೆಯ ಉಸ್ತಾದ್ ಅಬ್ದುಲ್ ರೆಹಮಾನ್ ಖಾನ್ ಅವರ ಹತ್ತಿರ ಹಿಂದೂಸ್ತಾನಿಯನ್ನು ಮೊದಲಿನಿಂದ ಕಲಿತರು. ಆ ಕಲಿಕೆ ಎಷ್ಟು ಕಠಿಣವಾಗಿತ್ತೆಂದರೆ ಕೊನೆಗೆ ಬ್ಯಾಂಕ್ ಕೆಲಸವನ್ನೇ ಬಿಟ್ಟರು. ಸಿತಾರ್ ನುಡಿಸುತ್ತಿದ್ದ ಪತಿ ಜಯರಾಂ ಬೆನ್ನಿಗೆ ನಿಂತರು.

ಸಂಗೀತ ನಿರ್ದೇಶಕ ವಸಂತ ದೇಸಾಯಿ ಮೊದಲು ಅವರಿಂದ ಮರಾಠಿಯಲ್ಲಿ ಹಾಡಿಸಿದರು. ಆಗ ಜೊತೆಗೆ ಹಾಡಿದವರು ಕುಮಾರ ಗಂಧರ್ವ, ನಮ್ಮ ಬೆಳಗಾವಿ ಜಿಲ್ಲೆಯ ಸುಳೇಭಾವಿಯವರು. ವೆಲ್ಲೂರಿನ ಹುಡುಗಿ, ಬೆಳಗಾವಿ ಸೀಮೆಯ ಗಾಯಕ, ಹಾಡು ಮರಾಠಿ. ವಲಸೆ ಅನ್ನೋದು ಐಟಿಯವರು ಕಂಡುಹಿಡಿದದ್ದಲ್ಲ ನೋಡಿ.

1971ರಲ್ಲಿ ಹೃಷಿಕೇಶ್ ಮುಖರ್ಜಿಯವರ ಗುಡ್ಡಿ ಬಂತು. ಅದರ ಪ್ರಾರ್ಥನಾಗೀತೆ ಉತ್ತರ ಭಾರತದ ಎಷ್ಟೋ ಶಾಲೆಗಳಲ್ಲಿ ಬೆಳಗಿನ ಪ್ರಾರ್ಥನೆಯೇ ಆಗಿಹೋಗಿದೆ. ಇಲ್ಲಿ ಓದುವ ನಿಮ್ಮ ಮಕ್ಕಳನ್ನು ಕೇಳಿ, ಅವರಿಗೆ ಬಾಯಿಪಾಠ ಇರಬಹುದು. ಹಾಡಿದವರ ಹೆಸರು ಮಾತ್ರ ಗೊತ್ತಿರೋದು ಕಡಿಮೆ.

ಭಾಷೆ ಗೊತ್ತಿಲ್ಲದೆ ಹಾಡೋದು ಹೇಗೆ?

ಕನ್ನಡಕ್ಕೆ ಅವರನ್ನು ಕರೆತಂದವರು ವಿಜಯಭಾಸ್ಕರ್, 1973ರ ಕೆಸರಿನ ಕಮಲ ಚಿತ್ರಕ್ಕೆ. ಎರಡು ವರ್ಷಕ್ಕೆ ಪುಟ್ಟಣ್ಣನವರ ಶುಭಮಂಗಳ ಬಂತು, ಮನೆಮನೆಗೂ ತಲುಪಿತು.

ಹೊರಗಿನಿಂದ ಬಂದ ಗಾಯಕರು ಸಾಮಾನ್ಯವಾಗಿ ಸಾಹಿತ್ಯವನ್ನು ತಮಗೆ ಬರುವ ಲಿಪಿಯಲ್ಲಿ ಬರೆದುಕೊಂಡು ಹಾಡುತ್ತಾರೆ. ತೊಂದರೆ ಇರೋದೇ ಅಲ್ಲಿ. ತಮಿಳು ಲಿಪಿಯಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ. ದೇವನಾಗರಿಯಲ್ಲಿ ಬರೆದರೆ ಕನ್ನಡದ ಹ್ರಸ್ವ ಎ, ಒ ಉಳಿಯೋದು ಕಷ್ಟ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಎನ್‌ಕೋಡಿಂಗ್ ಬದಲಾದಾಗ ಡೇಟಾ ಕಳೆದುಹೋಗುತ್ತೆ! ಕಳೆದದ್ದನ್ನು ಕಿವಿಯಿಂದಲೇ ತುಂಬಿಕೊಳ್ಳಬೇಕು. ಹೇಳಿಕೊಡುವವರ ಬಾಯಿ ನೋಡಿ, ಅರ್ಥ ಕೇಳಿ, ಎಲ್ಲಿ ಉಸಿರು ತಗೊಂಡರೆ ಪದ ಮುರಿಯಲ್ಲ ಅಂತ ತಿಳಿದುಕೊಳ್ಳಬೇಕು.

ಅದೂ ಆಗಿನ ರೆಕಾರ್ಡಿಂಗ್. ವಾದ್ಯದವರೆಲ್ಲ ಒಟ್ಟಿಗೆ ನುಡಿಸುತ್ತಿದ್ದರು. ಈಗಿನ ಹಾಗೆ ಒಂದೊಂದು ಸಾಲು ಹಾಡಿಸಿ ಜೋಡಿಸೋದು, ಆಮೇಲೆ ಶ್ರುತಿ ಸರಿಮಾಡೋದು ಇರಲಿಲ್ಲ. ಗಾಯಕಿ ತಪ್ಪಿದರೆ ಎಲ್ಲರೂ ಮತ್ತೆ ಮೊದಲಿನಿಂದ. ನೇರ ಪ್ರೊಡಕ್ಷನ್‌ಗೆ ಹೋಗೋ ಕೋಡ್, ಪ್ಯಾಚ್ ಹಾಕೋ ಮಾತೇ ಇಲ್ಲ. ಇಂಥ ಪರಿಸ್ಥಿತಿಯಲ್ಲಿ ಅವರು ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಸಾವಿರಾರು ಹಾಡು ಹಾಡಿದರು. ಶುಭಮಂಗಳದ ಹಾಡು ಮತ್ತೊಮ್ಮೆ ಹೆಡ್‌ಫೋನ್ ಹಾಕಿಕೊಂಡು ಕೇಳಿ. ಳ, ಣ ಗಮನಿಸಿ.

ದುಃಖವೋ, ಹಬ್ಬವೋ?

ಗಾಯನಕ್ಕೆ ಮೂರು ರಾಷ್ಟ್ರಪ್ರಶಸ್ತಿ: 1975ರ ತಮಿಳು ಚಿತ್ರ ಅಪೂರ್ವ ರಾಗಂಗಳ್, ಆಮೇಲೆ ತೆಲುಗಿನ ಶಂಕರಾಭರಣಂ, ಸ್ವಾತಿಕಿರಣಂ. ತೆಲುಗಿನವು ಎರಡೂ ಕೆ. ವಿಶ್ವನಾಥ್ ಅವರ ಚಿತ್ರಗಳು. ವಿಶ್ವನಾಥ್ ಹೋಗಿದ್ದು 2023ರ ಫೆಬ್ರವರಿ 2ಕ್ಕೆ, 1980ರಲ್ಲಿ ಶಂಕರಾಭರಣಂ ಬಿಡುಗಡೆಯಾದ ತಾರೀಖಿಗೇ. ಎರಡು ದಿನ ಬಿಟ್ಟು ವಾಣಿಯಮ್ಮ. ಎಸ್‌ಪಿಬಿ 2020ರಲ್ಲೇ ಹೋಗಿದ್ದರು. ಆ ಚಿತ್ರವನ್ನು ಅಪ್ಪ-ಅಮ್ಮನ ಜೊತೆ ಟೀವಿಯಲ್ಲಿ ನೋಡಿದ ನಮ್ಮ ವಯಸ್ಸಿನವರಿಗೆ ಆ ವಾರ ಮನೆಯ ಹಿರಿಯರು ಒಬ್ಬೊಬ್ಬರಾಗಿ ಎದ್ದು ಹೋದ ಹಾಗಿತ್ತು.

ಟೀವಿಯವರು ಮಾತ್ರ ಆವತ್ತೆಲ್ಲ ಒಂಟಿ ಮನೆ, ಪೊಲೀಸ್ ತನಿಖೆ ಅಂತಲೇ ತೋರಿಸಿದರು. ಪತಿ 2018ರಲ್ಲಿ ತೀರಿಕೊಂಡ ಮೇಲೆ ಅವರು ಒಬ್ಬರೇ ಇದ್ದರು, ನಿಜ. ಊರಲ್ಲಿ ವಯಸ್ಸಾದ ತಂದೆತಾಯಿಯನ್ನು ಬಿಟ್ಟು ಬಂದಿರುವ ನಮಗೆ ಆ ಸುದ್ದಿ ಬೇರೆ ರೀತಿಯಲ್ಲೇ ಚುಚ್ಚುತ್ತೆ. ಆದರೆ ಐವತ್ತು ವರ್ಷದ ಕೆಲಸವನ್ನು ಕೊನೆಯ ಒಂದು ಬೆಳಗಿನಿಂದ ಅಳೆಯಬಾರದು. ‘ಲತಾಗಿಂತ ಹೆಚ್ಚಾ, ಜಾನಕಮ್ಮನಿಗಿಂತ ಕಡಿಮೆಯಾ’ ಅನ್ನೋ ಜಗಳವೂ ಬೇಡ.

ನನಗೆ ಮುಖ್ಯ ಅನ್ನಿಸೋದು ಇಷ್ಟೇ. ಹೋದ ಊರಿನ ನುಡಿಯನ್ನು ಅವರು ‘ಅಡ್ಜಸ್ಟ್ ಮಾಡ್ಕೋ’ ಅನ್ನೋ ಹಾಗೆ ಆಡಲಿಲ್ಲ, ಅದರ ಒಂದೊಂದು ಅಕ್ಷರಕ್ಕೂ ಮರ್ಯಾದೆ ಕೊಟ್ಟರು. ಅದಕ್ಕೇ ಅಷ್ಟು ಜನ ‘ನಮ್ಮವರು’ ಅಂದರು. ಹಾಗಂತ ಕಲಿತು ಬಂದ ಕರ್ನಾಟಕ ಸಂಗೀತವನ್ನೂ ಬಿಡಲಿಲ್ಲ. ಎನ್‌ಸಿಆರ್‌ನಲ್ಲಿ ಹಿಂದಿ ಕಲಿತರೆ ಕನ್ನಡ ಹೋಗುತ್ತೆ, ಕನ್ನಡ ಹಿಡಿದರೆ ಇಲ್ಲಿ ಹೊರಗಿನವರಾಗಿ ಉಳೀತೀವಿ ಅಂತ ವಾದ ಮಾಡುವಾಗ ಇದನ್ನು ನೆನಪಿಟ್ಟುಕೊಳ್ಳೋಣ.

ನಿಮಗಿಷ್ಟದ ವಾಣಿ ಜಯರಾಂ ಹಾಡು ಯಾವುದು? ಕಾಮೆಂಟಲ್ಲಿ ಬರೀರಿ, ಯಾವ ಭಾಷೆಯದ್ದಾದರೂ ಸರಿ. ಮುಂದಿನ ವಾರ ಸಿಗೋಣ.