ಪಾಡ್‌ಕಾಸ್ಟ್: ಫ್ರಾನ್ಸ್‌ನಲ್ಲಿ ಇಂಗ್ಲಿಷ್ ಅಸಿಸ್ಟೆಂಟ್, ಕೆಲಸ ವಾರಕ್ಕೆ 12 ಗಂಟೆ, ಉಳಿದ 156 ಗಂಟೆ ಬದುಕೋದು ಹೇಗೆ?

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿದ್ದೀರೋ, ಹಾಸ್ಟೆಲ್ ರೂಮಲ್ಲಿದ್ದೀರೋ ಗೊತ್ತಿಲ್ಲ. ಇವತ್ತಿನ ಸಂಚಿಕೆ ಡಿಗ್ರಿ ಜೊತೆಗೆ ಫ್ರೆಂಚ್ ಕಲಿತವರಿಗೆ, ಕಲೀಬೇಕು ಅಂತ ಇರೋರಿಗೆ. ಫ್ರಾನ್ಸ್‌ನ ಶಾಲೆಗಳಲ್ಲಿ ಇಂಗ್ಲಿಷ್ ಅಸಿಸ್ಟೆಂಟ್ ಕೆಲಸ ಅಂದ್ರೇನು, ಅಲ್ಲಿ ನೆಲೆ ನಿಲ್ಲೋದು ಹೇಗೆ ಅಂತ ಮಾತಾಡೋಣ. ಮಧ್ಯ ಫ್ರಾನ್ಸ್‌ನ ಓರಿಯಾಕ್ ಅನ್ನೋ ಊರಿನಲ್ಲಿ ನಾನು ಏಳು ತಿಂಗಳು ಈ ಕೆಲಸ ಮಾಡಿದ್ದೀನಿ.

ಮೊದಲು ವ್ಯವಸ್ಥೆ ಅರ್ಥ ಮಾಡ್ಕೊಳ್ಳೋಣ. ಇದು ಹೊಸದಲ್ಲ, 1905ರಲ್ಲೇ ಶುರುವಾಗಿದ್ದು. ಬೇರೆ ಬೇರೆ ದೇಶಗಳ ಯುವಕ ಯುವತಿಯರನ್ನ ಕರೆಸಿ, ಫ್ರೆಂಚ್ ಮಕ್ಕಳಿಗೆ ಪರಭಾಷೆ ಮಾತಾಡೋ ಅಭ್ಯಾಸ ಮಾಡಿಸ್ತಾರೆ. ಭಾರತದವರಿಗೂ ಅವಕಾಶ ಇದೆ. ಅರ್ಜಿ ಫ್ರೆಂಚ್ ಇನ್‌ಸ್ಟಿಟ್ಯೂಟ್ ಇನ್ ಇಂಡಿಯಾ ಮೂಲಕ ಹೋಗುತ್ತೆ. ಸಾಮಾನ್ಯವಾಗಿ ಕಾಂಟ್ರಾಕ್ಟ್ ಅಕ್ಟೋಬರ್ 1ರಿಂದ ಏಪ್ರಿಲ್ 30ರವರೆಗೆ. ಕೆಲಸ ವಾರಕ್ಕೆ 12 ಗಂಟೆ. ಕೈಗೆ ಬರೋದು ತಿಂಗಳಿಗೆ ಸುಮಾರು 800 ಯೂರೋ. ರೂಪಾಯಿ ಲೆಕ್ಕದಲ್ಲಿ ದೊಡ್ಡದಾಗಿ ಕಾಣುತ್ತೆ, ಆದರೆ ಖರ್ಚೂ ಯೂರೋದಲ್ಲೇ ಅಲ್ವಾ?

ಈಗ ಲೆಕ್ಕ ಹಾಕಿ. ವಾರಕ್ಕೆ 168 ಗಂಟೆ. ಅದರಲ್ಲಿ ಕೆಲಸ 12. ಉಳಿದ 156 ಗಂಟೆ ಬಗ್ಗೆ ಕಾಂಟ್ರಾಕ್ಟ್‌ನಲ್ಲಿ ಒಂದು ಸಾಲೂ ಇಲ್ಲ. ನಾನು ನೋಡಿದ ಮಟ್ಟಿಗೆ, ಅಸಿಸ್ಟೆಂಟ್‌ಗಳು ಸೋತು ಹೋಗೋದು ಕ್ಲಾಸಿನ ಒಳಗಲ್ಲ, ಆ 156 ಗಂಟೆಯಲ್ಲಿ.

ಹುಚ್ಚು ಬಿಡದೆ ಮದುವೆ ಆಗಲ್ಲ

ಮೊದಲ ಆರು ವಾರ ಪೂರ್ತಿ ಕಾಗದದ ಕೆಲಸ. ಮನೆ ಬಾಡಿಗೆಗೆ ಕೇಳಿದರೆ ಬ್ಯಾಂಕ್ ಖಾತೆ ವಿವರ ಕೊಡಿ ಅಂತಾರೆ. ಬ್ಯಾಂಕಿಗೆ ಹೋದರೆ ಮನೆ ವಿಳಾಸದ ದಾಖಲೆ ತನ್ನಿ ಅಂತಾರೆ. ಸಂಬಳಕ್ಕೆ ಖಾತೆ ಬೇಕು, ಮನೆ ಮಾಲೀಕರಿಗೆ ಸಂಬಳದ ಚೀಟಿ ಬೇಕು. ನಮ್ಮಲ್ಲಿ ಗಾದೆ ಇದೆಯಲ್ಲ, ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಅಂತ, ಥೇಟ್ ಹಾಗೇ.

ಈ ಚಕ್ರವನ್ನ ಎಲ್ಲಾದರೂ ಒಂದು ಕಡೆ ಮುರೀಬೇಕು. ಅದಕ್ಕೆ ಸುಲಭವಾದ ಜಾಗ 'ಆಟೆಸ್ಟಾಸಿಯೋಂ ದೆಬೆರ್ಜ್‌ಮಾಂ' ಅನ್ನೋ ಕಾಗದ. 'ಇವರು ನನ್ನ ಮನೆಯಲ್ಲಿ ಉಳಿದುಕೊಂಡಿದ್ದಾರೆ' ಅಂತ ಅಲ್ಲಿನ ನಿವಾಸಿಯೊಬ್ಬರು ಬರೆದು ಸಹಿ ಹಾಕೋ ಪತ್ರ. ಜೊತೆಗೆ ಅವರ ಗುರುತಿನ ಚೀಟಿ, ಕರೆಂಟ್ ಬಿಲ್ ಪ್ರತಿ ಇರಬೇಕು. ಅಸಿಸ್ಟೆಂಟ್‌ನ ನೋಡ್ಕೊಳ್ಳೋಕೆ ಶಾಲೆಯಲ್ಲಿ ಒಬ್ಬ ಟೀಚರ್ ಇರ್ತಾರೆ. ನನಗೆ ಈ ಪತ್ರ ಕೊಟ್ಟಿದ್ದು ಅವರೇ. ಹಾಗಾಗಿ ಶಾಲೆ ಗೊತ್ತಾದ ದಿನವೇ ಆ ಟೀಚರ್‌ಗೆ ಇಮೇಲ್ ಮಾಡಿ. ಮನೆ ಸಿಗೋವರೆಗೆ ಎಲ್ಲಿ ಇರಬಹುದು ಅಂತ ನೇರವಾಗಿ ಕೇಳಿ. ಸಂಕೋಚ ಬೇಡ, ಅವರು ಪ್ರತಿ ವರ್ಷ ಕೇಳೋ ಪ್ರಶ್ನೆ ಅದು.

ಎರಡನೇದು, ಬ್ಯಾಂಕ್. ಒಂದು ಬ್ಯಾಂಕ್ ನನಗೆ ಖಾತೆ ಕೊಡಲ್ಲ ಅಂತು. ಇಲ್ಲೊಂದು ಹಕ್ಕು ಇದೆ, ಎಷ್ಟೋ ಜನಕ್ಕೆ ಗೊತ್ತಿಲ್ಲ. ಫ್ರಾನ್ಸ್‌ನಲ್ಲಿ ವಾಸವಿರೋರಿಗೆ ಬ್ಯಾಂಕ್ ಖಾತೆ ನಿರಾಕರಿಸಿದರೆ, ಅಲ್ಲಿನ ಕೇಂದ್ರ ಬ್ಯಾಂಕ್ ಆದ ಬಾಂಕ್ ದ ಫ್ರಾನ್ಸ್‌ಗೆ ಅರ್ಜಿ ಹಾಕಬಹುದು. ಅದು ಒಂದು ಬ್ಯಾಂಕನ್ನ ಗೊತ್ತು ಮಾಡಿ ಖಾತೆ ತೆರೆಸುತ್ತೆ. ನಿರಾಕರಿಸಿದ್ದನ್ನ ಬರವಣಿಗೆಯಲ್ಲಿ ಕೇಳಿ ಪಡೀರಿ, ಅರ್ಜಿಗೆ ಬೇಕಾಗುತ್ತೆ.

ಮೂರನೇದು, ಜಾಮೀನು. ಮನೆ ಮಾಲೀಕರು ಫ್ರಾನ್ಸ್‌ನಲ್ಲಿರೋ ಜಾಮೀನುದಾರರನ್ನ ಕೇಳ್ತಾರೆ. ನಮಗೆಲ್ಲಿಂದ ಬರಬೇಕು? 'ವಿಸಾಲ್' ಅನ್ನೋ ಉಚಿತ ಖಾತರಿ ಇದೆ. 30 ವರ್ಷದವರೆಗಿನವರು ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಬಾಡಿಗೆ ಕರಾರಿಗೆ ಸಹಿ ಹಾಕೋ ಮೊದಲೇ ಅದು ಕೈಯಲ್ಲಿರಬೇಕು.

ಇದರ ಜೊತೆ, ಫ್ರಾನ್ಸ್‌ಗೆ ಕಾಲಿಟ್ಟ ಮೂರು ತಿಂಗಳೊಳಗೆ ವೀಸಾವನ್ನ ಆನ್‌ಲೈನ್‌ನಲ್ಲಿ ಊರ್ಜಿತ ಮಾಡಿಸಬೇಕು. ಇದನ್ನ ಮಾತ್ರ ಮುಂದೂಡಬೇಡಿ, ಅಲ್ಲಿ ಇರೋ ಹಕ್ಕೇ ಇದರ ಮೇಲೆ ನಿಂತಿದೆ.

ಇನಿಶಿಯಲ್ ತಂದ ಫಜೀತಿ

ನಮ್ಮ ಕಡೆಯವರಿಗೆ ಇನ್ನೊಂದು ತಲೆನೋವು, ಹೆಸರು. ಅಲ್ಲಿನ ಪ್ರತಿ ಅರ್ಜಿಯಲ್ಲೂ ಮನೆತನದ ಹೆಸರಿಗೆ ಒಂದು ಕಾಲಂ, ಸ್ವಂತ ಹೆಸರಿಗೆ ಇನ್ನೊಂದು. ನಮಗೋ ಊರಿನ ಹೆಸರು, ಅಪ್ಪನ ಹೆಸರು, ಎಲ್ಲಾ ಸೇರಿ ಎರಡು ಇನಿಶಿಯಲ್. ಮಾರ್ಕ್ಸ್ ಕಾರ್ಡಲ್ಲಿ ಒಂದು ಥರ, ಪಾಸ್‌ಪೋರ್ಟಲ್ಲಿ ಇನ್ನೊಂದು ಥರ. ನಿಯಮ ಸರಳ: ಪಾಸ್‌ಪೋರ್ಟ್‌ನಲ್ಲಿ ಹೇಗಿದೆಯೋ ಹಾಗೇ ಎಲ್ಲ ಕಡೆ ಬರೀರಿ, ಒಂದಕ್ಷರ ಆಚೀಚೆ ಆಗಬಾರದು.

ಜನನ ಪ್ರಮಾಣಪತ್ರವನ್ನ ಊರಲ್ಲಿದ್ದಾಗಲೇ ನೋಡ್ಕೊಳ್ಳಿ. ಹಳೇ ಪ್ರಮಾಣಪತ್ರಗಳಲ್ಲಿ ಕೆಲವಕ್ಕೆ ಮಗುವಿನ ಹೆಸರೇ ಇರಲ್ಲ, ಅಪ್ಪ ಅಮ್ಮನ ಹೆಸರು ಮಾತ್ರ. ಹಾಗಿದ್ದರೆ ಹೆಸರು ಸೇರಿಸಿ ಹೊಸ ಪ್ರತಿ ತಗೊಳ್ಳಿ. ಅದಕ್ಕೆ ಅಪೊಸ್ಟಿಲ್ ಮುದ್ರೆ, ಅಧಿಕೃತ ಅನುವಾದಕರಿಂದ ಫ್ರೆಂಚ್ ಅನುವಾದ ಮಾಡಿಸಿಟ್ಕೊಳ್ಳಿ. ಆರೋಗ್ಯ ವಿಮೆಯ ನಂಬರ್‌ಗೆ, ಬಾಡಿಗೆ ನೆರವಿಗೆ ಈ ದಾಖಲೆ ಕೇಳ್ತಾರೆ. ಅಲ್ಲಿ ಕೂತು ಊರಿನ ಕಚೇರಿಗೆ ಅಪ್ಪನ್ನ ಓಡಾಡಿಸೋದು ಯಾರಿಗೂ ಬೇಡ.

410 ಯೂರೋ, ಮೂರು ವಾರ

ಈಗ ದುಡ್ಡಿನ ವಿಷಯ. ನಾನು ಹೊರಡುವಾಗ ಮನೇಲಿ ಚಿನ್ನದ ಸಾಲ ಮಾಡಿ 2,000 ಯೂರೋ ಹೊಂದಿಸಿದ್ವಿ. ಒಂಟಿ ಕೋಣೆಯ ಮನೆಗೆ ಬಾಡಿಗೆ 320, ಅಡ್ವಾನ್ಸ್ ಇನ್ನೊಂದು 320. ಸಾಮಾನು ಸಮೇತ ಇರೋ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಕೇಳೋ ಹಾಗಿಲ್ಲ ಅಂತ ಕಾನೂನಿದೆ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕೇಳಿದವರಿಗೆ ಇದು ಸಮಾಧಾನ. ಆದರೂ ಬಟ್ಟೆ, ಪಾತ್ರೆ, ರೈಲು, ನವೆಂಬರ್ ಬಾಡಿಗೆ ಎಲ್ಲ ಕಳೆದು ನವೆಂಬರ್ ಮೊದಲ ವಾರ ನನ್ನ ಹತ್ತಿರ ಉಳಿದಿದ್ದು 410 ಯೂರೋ. ಖಾತೆ ತಡವಾಗಿದ್ದರಿಂದ ಅಕ್ಟೋಬರ್ ಸಂಬಳ ನವೆಂಬರ್ ಕೊನೆಗೆ ಜಾರಿತ್ತು.

ಅದಕ್ಕೇ ಹೇಳ್ತಿದ್ದೀನಿ, ಮೊದಲ ಎರಡು ತಿಂಗಳು ಸಂಬಳ ಇಲ್ಲ ಅಂದ್ಕೊಂಡೇ ದುಡ್ಡು ಜೋಡಿಸಿ. ಮೊದಲ ದಿನ ಶಾಲೆಯ ಆಫೀಸಿನಲ್ಲಿ ಕೆಲಸಕ್ಕೆ ಸೇರಿದ ದಾಖಲೆಗೆ ಸಹಿ ಹಾಕಿ, ಅದು ಮುಂದೆ ಹೋಯ್ತಾ ಅಂತ ವಿಚಾರಿಸಿ. ತಡ ಆಗುತ್ತೆ ಅಂದರೆ ಮುಂಗಡ ಸಿಗುತ್ತಾ ಕೇಳಿ. ಬಾಡಿಗೆ ನೆರವಿಗೆ 'ಕಾಫ್' ಕಚೇರಿಯಲ್ಲಿ ತಕ್ಷಣ ಅರ್ಜಿ ಹಾಕಿ. ಮನೆಗೆ ಹೋದ ತಿಂಗಳಿಗೆ ಅದು ಸಿಗಲ್ಲ, ಮುಂದಿನ ತಿಂಗಳಿಂದ ಲೆಕ್ಕ. ತಡ ಮಾಡಿದಷ್ಟೂ ನಷ್ಟ ನಿಮಗೇ.

ಊಟಕ್ಕೆ ಅಡುಗೆ ಕಲಿತು ಹೋಗಿ. ತೊಗರಿಬೇಳೆ ಆ ಸಣ್ಣ ಊರಲ್ಲಿ ಸಿಗಲಿಲ್ಲ. ಪಕ್ಕದ ಜಿಲ್ಲೆಯ ಲ ಪ್ವೀ ಊರಿನ ಹಸಿರು ಬೇಳೆ ಅಲ್ಲಿ ಹೆಸರುವಾಸಿ. ಸಾರಿನ ಪುಡಿ ಜೊತೆ ಅದೂ ಒಗ್ಗುತ್ತೆ!

'ನಿಮ್ದು ನಿಜವಾದ ಇಂಗ್ಲಿಷಾ?'

ಕ್ಲಾಸಿಗೆ ಬರೋಣ. ಅಸಿಸ್ಟೆಂಟ್ ಅಂದರೆ ಟೀಚರ್ ಅಲ್ಲ. ವ್ಯಾಕರಣ, ಮಾರ್ಕ್ಸ್ ಎಲ್ಲ ಟೀಚರ್ ನೋಡ್ಕೋತಾರೆ. ಹತ್ತು ಹನ್ನೆರಡು ಮಕ್ಕಳ ಗುಂಪಿನ ಬಾಯಿ ಬಿಡಿಸೋದು ನಿಮ್ಮ ಕೆಲಸ. ತರಗತಿಗಳ ಎಣಿಕೆ ಅಲ್ಲಿ ಹಿಂದು ಮುಂದು. ಹನ್ನೊಂದು ವರ್ಷದವರು 'ಆರನೇ'ಯಲ್ಲಿ ಶುರು ಮಾಡಿ ಐದು, ನಾಲ್ಕು, ಮೂರು ಅಂತ ಇಳೀತಾ ಹೋಗ್ತಾರೆ.

ಎರಡನೇ ವಾರ ಒಬ್ಬ ಹುಡುಗ ಕೇಳಿದ, 'ನೀವು ಭಾರತದವರು, ನಿಮ್ದು ನಿಜವಾದ ಇಂಗ್ಲಿಷಾ?' ಈ ಪ್ರಶ್ನೆ ನಿಮಗೂ ಬರುತ್ತೆ, ಸಿದ್ಧರಾಗಿರಿ. ನಾನು ಅವನಿಗೆ ಕೇಳಿದೆ, ಮುಂದೆ ನೀನು ಕೆಲಸದಲ್ಲಿ ಇಂಗ್ಲಿಷ್ ಮಾತಾಡೋದು ಬರೀ ಲಂಡನ್‌ನವರ ಜೊತೆನಾ? ಅವನು ಸ್ವಲ್ಪ ಯೋಚಿಸಿ ನಕ್ಕ.

ಮಕ್ಕಳಿಗೆ ಮಾತು ಬಂದಿದ್ದು ತಾಜ್‌ಮಹಲ್ ಫೋಟೋ ತೋರಿಸಿದಾಗ ಅಲ್ಲ. ನನ್ನ ಕರೆಂಟ್ ಬಿಲ್ ತಗೊಂಡು ಹೋಗಿ, 'ಇದು ನನಗೆ ಅರ್ಥ ಆಗ್ತಿಲ್ಲ, ಇಂಗ್ಲಿಷಲ್ಲಿ ಹೇಳಿಕೊಡಿ' ಅಂದಾಗ. ಯಾವ ಅಂಗಡಿ ಭಾನುವಾರ ಮುಚ್ಚಿರುತ್ತೆ, ಅಂಗಡಿ ಒಳಗೆ ಕಾಲಿಟ್ಟ ತಕ್ಷಣ ಯಾಕೆ 'ಬೋಂಜೂರ್' ಅನ್ನಲೇಬೇಕು, ಯಾರಿಗೆ 'ತ್ಯು', ಯಾರಿಗೆ 'ವೂ', ಎಲ್ಲ ಅವರೇ ವಿವರಿಸಿದರು. ನೀನು, ನೀವು ಅಂತ ನಮ್ಮಲ್ಲೂ ಇದೆ, ಇಂಗ್ಲಿಷಲ್ಲಿ ಇಲ್ಲ ಅಂದಾಗ ಕಣ್ಣರಳಿಸಿದರು. ಗೊತ್ತಿಲ್ಲದವರು ಎದುರಿಗಿದ್ದಾಗ ವಿವರಿಸೋಕೆ ನಿಜವಾದ ಕಾರಣ ಇರುತ್ತೆ. ಹೊಸಬರಾಗಿರೋದು ಈ ಕೆಲಸದಲ್ಲಿ ಕೊರತೆ ಅಲ್ಲ, ಅದೇ ನಿಮ್ಮ ಪಾಠದ ಸಾಮಗ್ರಿ.

ಸಂಜೆಗಳನ್ನ ಏನು ಮಾಡೋದು?

ಅಕ್ಟೋಬರ್ ಕೊನೇ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತೆ. ನಮಗೂ ಅವರಿಗೂ ಅಂತರ ಮೂರೂವರೆಯಿಂದ ನಾಲ್ಕೂವರೆ ಗಂಟೆ ಆಗುತ್ತೆ. ಅಲ್ಲಿ ರಾತ್ರಿ ಒಂಬತ್ತಕ್ಕೆ ಒಂಟಿ ಅನ್ನಿಸಿ ಫೋನ್ ಎತ್ತಿದರೆ, ಇಲ್ಲಿ ನಡುರಾತ್ರಿ ಒಂದೂವರೆ, ಅಮ್ಮ ಮಲಗಿರ್ತಾರೆ. ಡಿಸೆಂಬರ್‌ನಲ್ಲಿ ಬೆಳಿಗ್ಗೆ ಎಂಟಾದರೂ ಕತ್ತಲೆ. ಮನೆಯ ಫೋನೇ ಆಸರೆ ಅಂತ ನಂಬಿದ್ರೆ ಕಷ್ಟ.

ಫ್ರಾನ್ಸ್‌ನ ಸಣ್ಣ ಊರುಗಳಲ್ಲೂ 1901ರ ಕಾನೂನಿನಡಿ ನೋಂದಾಯಿಸಿದ ಸಂಘಗಳು ಇರ್ತವೆ. ಹಾಡು, ಚಾರಣ, ಷಟಲ್, ಹೊಲಿಗೆ, ಏನು ಬೇಕಾದರೂ. ನಾನು ಷಟಲ್ ಕ್ಲಬ್ ಸೇರಿದೆ. ಮೊದಲ ಮೂರು ವಾರ ಯಾರೂ ಹೆಚ್ಚು ಮಾತಾಡಲಿಲ್ಲ. ನಾಲ್ಕನೇ ವಾರ ಆಟ ಮುಗಿದ ಮೇಲೆ ಒಬ್ಬ ಅಜ್ಜಿ ಕಾರಲ್ಲಿ ಮನೆಗೆ ಬಿಟ್ಟರು, ಅದರ ಮುಂದಿನ ಭಾನುವಾರ ಊಟಕ್ಕೆ ಕರೆದರು. ಅಲ್ಲಿ ಸ್ನೇಹ ನಿಧಾನ, ಆದರೆ ಗಟ್ಟಿ. ಒಂದೇ ಜಾಗಕ್ಕೆ, ಒಂದೇ ದಿನ, ತಪ್ಪದೆ ಹೋಗೋರಿಗೆ ಅದು ಸಿಗುತ್ತೆ.

ಹೊರಡೋ ಮೊದಲು ಒಂದು ಹಾಳೆ ತಗೊಳ್ಳಿ. ಒಂದು ಕಡೆ ಕ್ಲಾಸಿನ 12 ಗಂಟೆ, ಇನ್ನೊಂದು ಕಡೆ 156. ಎರಡನೇ ಕಡೆ ಮೂರು ಸಾಲು ಬರೀರಿ: ಮೊದಲ ವಾರ ಯಾರ ಮನೇಲಿ ಇರ್ತೀನಿ, ಎರಡು ತಿಂಗಳು ಸಂಬಳ ಬರದಿದ್ದರೆ ಏನು ಮಾಡ್ತೀನಿ, ಯಾವ ಸಂಘ ಸೇರ್ತೀನಿ. ಮೂರಕ್ಕೂ ಉತ್ತರ ಇದ್ದರೆ ಬ್ಯಾಗ್ ಕಟ್ಟಿ. ಇಲ್ಲದಿದ್ದರೆ ಉತ್ತರ ಹುಡುಕೋಕೆ ಇನ್ನೂ ಟೈಮ್ ಇದೆ.

ಇವತ್ತಿಗೆ ಇಷ್ಟು. ಹೋಗೋಕೆ ರೆಡಿ ಆಗ್ತಿರೋ ಗೆಳೆಯರಿಗೆ ಈ ಸಂಚಿಕೆ ಕಳಿಸಿ. ಮತ್ತೆ ಸಿಗೋಣ, ನಮಸ್ಕಾರ.