ಜನವಸತಿಗಳ ಗಡಿ ದತ್ತಾಂಶ: ಮುಕ್ತ ಲಭ್ಯತೆ ಏಕೆ, ಹೇಗೆ

ಗ್ರಾಮ ಪಂಚಾಯತಿಗಳ ಮಾನ್ಯ ಸದಸ್ಯರ ಅವಗಾಹನೆಗೆ,

ಕಂದಾಯ ಗ್ರಾಮದ ನಕ್ಷೆಯಲ್ಲಿ ಸರ್ವೆ ನಂಬರು, ಕೆರೆ, ಬಂಡಿದಾರಿಗಳಿರುತ್ತವೆ. ಜನರು ತಮ್ಮ ವಿಳಾಸವೆಂದು ಹೇಳುವ ಕೇರಿ, ಹಟ್ಟಿ, ತಾಂಡಾ, ಹಾಡಿಗಳ ಗಡಿ ಮಾತ್ರ ಬಹುಮಟ್ಟಿಗೆ ಅದರಲ್ಲಿರುವುದಿಲ್ಲ. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಸುಮಾರು 50,000 ಫಲಾನುಭವಿಗಳಿಗೆ ಹಕ್ಕುಪತ್ರ ವಿತರಿಸಲಾಯಿತು. ಅದಕ್ಕಾಗಿ ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್ ಮತ್ತು ವಿಜಯಪುರ ಜಿಲ್ಲೆಗಳ ಸುಮಾರು 1,475 ದಾಖಲೆರಹಿತ ಜನವಸತಿಗಳನ್ನು ಮೊದಲು ಕಂದಾಯ ಗ್ರಾಮಗಳೆಂದು ಘೋಷಿಸಬೇಕಾಯಿತು. ಪರಿಷ್ಕರಿಸದ ಡಿಜಿಟಲ್ ನಕ್ಷೆಯಲ್ಲಿ ಇಂತಹ ಗ್ರಾಮವು ಪಕ್ಕದ ಊರಿನ ಹೊಲವಾಗಿಯೇ ಉಳಿಯುತ್ತದೆ. ಅದನ್ನು ನಂಬಿ ಕುಡಿಯುವ ನೀರಿನ ಕೊಳವೆಮಾರ್ಗ ಯೋಜಿಸಿದರೆ ಕೊಳವೆ ಊರಿನ ಹೊರಗೇ ನಿಲ್ಲುವುದು.

ಸ್ವಾಮಿತ್ವ ಯೋಜನೆಯ ಡ್ರೋನ್ ಸರ್ವೆಯು ಮನೆ, ನಿವೇಶನಗಳ ಗಡಿಯನ್ನು ತೋರಿಸಬಲ್ಲದು. ಆ ಮನೆಗಳ ಗುಂಪನ್ನು ಊರವರು ಯಾವ ಹೆಸರಿನಿಂದ ಕರೆಯುತ್ತಾರೆಂಬುದನ್ನು ಡ್ರೋನ್ ಹೇಳಲಾರದು, ಸದಸ್ಯರೇ ಹೇಳಬೇಕು.

ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ 2021ರ ಫೆಬ್ರವರಿ 15ರ ಮಾರ್ಗಸೂಚಿಯಂತೆ, ಸಾರ್ವಜನಿಕ ಹಣದಿಂದ ಸಿದ್ಧವಾದ ಭೂಪ್ರಾದೇಶಿಕ ದತ್ತಾಂಶವು, ಭದ್ರತಾ ಸಂಸ್ಥೆಗಳ ಗೋಪ್ಯ ಮಾಹಿತಿಯನ್ನು ಹೊರತುಪಡಿಸಿ, ಭಾರತೀಯರೆಲ್ಲರಿಗೂ ಸುಲಭವಾಗಿ ದೊರೆಯತಕ್ಕದ್ದು. ಆದರೆ ನಕ್ಷೆಯನ್ನು ಸ್ಕ್ಯಾನ್ ಮಾಡಿ ಪಿಡಿಎಫ್ ರೂಪದಲ್ಲಿ ಪ್ರಕಟಿಸಿದ ಮಾತ್ರಕ್ಕೆ ದತ್ತಾಂಶ ಮುಕ್ತವಾಗುವುದಿಲ್ಲ, ಅದು ಕೇವಲ ಚಿತ್ರ. ಒಂದು ಮನೆ ಗಡಿಯ ಒಳಗಿದೆಯೋ ಹೊರಗಿದೆಯೋ ಎಂದು ಗಣಕಯಂತ್ರ ಲೆಕ್ಕಹಾಕಬೇಕಾದರೆ ಗಡಿಯ ಪ್ರತಿ ತಿರುವಿನ ಅಕ್ಷಾಂಶ, ರೇಖಾಂಶಗಳಿರುವ ಕಡತ ಬೇಕು. ಕೆಎಂಎಲ್, ಜಿಯೋಜೇಸನ್ ಎಂಬವು ಅಂತಹ ಕಡತಗಳು. ಜೊತೆಗೆ, ಮರುಬಳಕೆಗೆ ಅನುಮತಿಯಿದೆಯೆಂಬ ಸ್ಪಷ್ಟ ಬರಹವೂ ಗಡಿ ಗುರುತಿಸಿದ ದಿನಾಂಕವೂ ಇರಬೇಕು. ದಿನಾಂಕವಿಲ್ಲದ ಗಡಿಯು ಹಳೆಯದೋ ಹೊಸದೋ ತಿಳಿಯದು. ಮಾಲೀಕರ ಹೆಸರು, ದೂರವಾಣಿ ಸಂಖ್ಯೆ, ತೆರಿಗೆ ಬಾಕಿಯಂತಹ ವಿವರಗಳನ್ನು ಈ ಕಡತಕ್ಕೆ ಸೇರಿಸಲೇಬಾರದು.

ಕೆಲಸವು ತೀರ ಹೊಸದೇನೂ ಅಲ್ಲ. ಕ್ರಯಪತ್ರದಲ್ಲಿ ಚೆಕ್ಕುಬಂದಿ ಬರೆಯುವ ರೂಢಿ ನಮ್ಮಲ್ಲಿ ಹಿಂದಿನಿಂದಲೂ ಇದೆ. ಅದೇ ರೀತಿ ಪ್ರತಿ ಜನವಸತಿಯ ನಾಲ್ಕು ದಿಕ್ಕಿನ ಗುರುತುಗಳನ್ನು ವಾರ್ಡ್ ಸಭೆಯಲ್ಲಿ ಓದಿ ಹೇಳಿ, ಹಿರಿಯರೊಡನೆ ಗಡಿಯುದ್ದಕ್ಕೂ ನಡೆದು, ಮೊಬೈಲಿನಲ್ಲಿ ತಿರುವುಗಳನ್ನು ದಾಖಲಿಸಬಹುದು. ಊರಂಚಿನ ಒಂಟಿ ಮನೆಗಳು ಬಿಟ್ಟುಹೋಗುವುದೇ ಹೆಚ್ಚು. ಅಲ್ಲಿಂದಲೇ ನಡಿಗೆಯನ್ನು ಆರಂಭಿಸುವುದು ಒಳಿತು.

ಹೀಗೆ ಗುರುತಿಸಿದ ಗೆರೆಯು ಸ್ಥಳವನ್ನು ಹೆಸರಿಸುತ್ತದೆಯೇ ಹೊರತು ಭೂಮಿಯ ಹಕ್ಕನ್ನು ನಿರ್ಣಯಿಸುವುದಿಲ್ಲ. ಒಂದು ಗಲ್ಲಿಯನ್ನು ಎರಡು ಕೇರಿಯವರೂ ತಮ್ಮದೆಂದರೆ ಗೆರೆಯನ್ನು ಬಲವಂತವಾಗಿ ಎಳೆಯದೆ, ಎರಡೂ ಹೆಸರುಗಳನ್ನು ನಮೂದಿಸಿ ‘ತಾತ್ಕಾಲಿಕ’ ಎಂದು ಷರಾ ಬರೆದು ಮುಂದಿನ ಗ್ರಾಮ ಸಭೆಗೆ ಮಂಡಿಸುವುದು.